ಎಳೆಯ ಕರುಳು, ಎಳೆಯ ವೈದ್ಯ

ಕನ್ನಡದಲ್ಲಿ ಕರುಳು ಎಂಬ ಮಾತಿಗೆ ಎರಡು ಬಾಳುವೆಗಳಿವೆ. ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡು ಉಂಡ ಅನ್ನವನ್ನು ಮೈಗೂಡಿಸುವ ಅಂಗ ಒಂದು. ಪರರ ನೋವಿಗೆ ಮಿಡಿಯುವ ಅಂತಃಕರಣ ಇನ್ನೊಂದು. ಮಗುವನ್ನು ಕರುಳಕುಡಿ ಎನ್ನುತ್ತೇವೆ. ಬಂಧುತ್ವವನ್ನು ಕರುಳಬಳ್ಳಿ ಎನ್ನುತ್ತೇವೆ. ದಯೆಯಿಲ್ಲದವನನ್ನು ಕರುಳಿಲ್ಲದವನೆಂದು ಹಳಿಯುತ್ತೇವೆ. ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯಕ್ಕೆ ಈ ಎರಡು ಅರ್ಥಗಳೂ ಬೇಕು. ಮಕ್ಕಳ ಜೀರ್ಣಾಂಗಗಳ ಆರೋಗ್ಯವನ್ನು ಕುರಿತು ಸಂಶೋಧನೆ ನಡೆಸಬಲ್ಲ ವೈದ್ಯರನ್ನು ನಾವು ಹೇಗೆ ಬೆಳೆಸಬೇಕು ಎಂಬುದು ಆ ವಿಷಯ. ಸಾಹಿತ್ಯದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಔಷಧದ ಮಾತನ್ನು ವೈದ್ಯರೇ ಆಡಲಿ. ಆದರೆ ಎಳೆಯರನ್ನು ಸಂಶೋಧನೆಗೆ ಹಚ್ಚುವುದು ಅಧ್ಯಾಪನದ ಪ್ರಶ್ನೆ. ಅದರೊಳಗೆ, ಮುಂದೆ ತೋರಿಸುವಂತೆ, ಭಾಷೆಯ ಪ್ರಶ್ನೆಯೂ ಒಂದಿದೆ.

ಸಂಶೋಧನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪ್ರಯೋಗಶಾಲೆ, ಗಾಜಿನ ನಳಿಕೆಗಳು, ಬಿಳಿಯ ನಿಲುವಂಗಿ. ಇವೆಲ್ಲ ಬೇಕಾದವೇ. ಆದರೆ ಮಕ್ಕಳ ವೈದ್ಯದಲ್ಲಿ ಪ್ರಶ್ನೆ ಹುಟ್ಟುವುದು ಬಹುಮಟ್ಟಿಗೆ ಬೇರೊಂದು ಸ್ಥಳದಲ್ಲಿ: ಕಾಯಿಲೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯ ಎದುರಿನಲ್ಲಿ. ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಕೈಬಿಡದೆ ಪ್ರಯೋಗಶಾಲೆಯವರೆಗೆ ಕೊಂಡೊಯ್ದು, ದೊರೆತ ಉತ್ತರವನ್ನು ಮತ್ತೆ ಆ ಮಡಿಲಿಗೇ ತಂದೊಪ್ಪಿಸಬಲ್ಲವರನ್ನು ವೈದ್ಯ-ಸಂಶೋಧಕರು ಎನ್ನಬಹುದು. ಅಂಥವರು ತಾವಾಗಿ ಬೆಳೆಯುವುದಿಲ್ಲ. ಅವರನ್ನು ಬೆಳೆಸಬೇಕಾಗುತ್ತದೆ. ಕೆಲವು ನಿಜವೃತ್ತಾಂತಗಳಿಂದ ಈ ಮಾತನ್ನು ಸ್ಪಷ್ಟಪಡಿಸಲು ಯತ್ನಿಸುತ್ತೇನೆ.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಹಸುಳೆಗಳ ಯಕೃತ್ತನ್ನು ಹಿಡಿಯುವ ಮಾರಕ ವ್ಯಾಧಿಯೊಂದಿತ್ತು. ಆರು ತಿಂಗಳಿಂದ ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಅದು ಬರುತ್ತಿತ್ತು. ಹೊಟ್ಟೆ ಉಬ್ಬುವುದು, ಯಕೃತ್ತು ಗಡುಸಾಗುವುದು, ಕೊನೆಗೆ ಕಾಮಾಲೆ ತೋರಿ ಕೆಲವು ತಿಂಗಳುಗಳಲ್ಲಿ ಮಗು ಕೈಬಿಟ್ಟು ಹೋಗುವುದು. ಮನೆಮಂದಿಯ ಬಾಯಲ್ಲಿ ಅದು ‘ಲಿವರ್ ಕಾಯಿಲೆ’. ವೈದ್ಯಗ್ರಂಥಗಳಲ್ಲಿ ‘ಭಾರತೀಯ ಶಿಶುಗಳ ಸಿರೋಸಿಸ್’. ಒಡಹುಟ್ಟಿದ ಮಕ್ಕಳಲ್ಲಿ ಒಬ್ಬರ ಹಿಂದೊಬ್ಬರಿಗೆ ಬರುತ್ತಿದ್ದುದುಂಟು. ಆದ್ದರಿಂದ ಇದು ರಕ್ತದಲ್ಲೇ ಇಳಿದುಬಂದ ದೋಷವಿರಬೇಕೆಂದು ಭಾವಿಸಿದವರೂ ಇದ್ದರು.

1970ರ ದಶಕದಲ್ಲಿ ಇಂಥ ಮಕ್ಕಳ ಯಕೃತ್ತಿನ ತುಣುಕುಗಳಿಗೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಲ್ಲಿ ತಾಮ್ರ ಹೇರಳವಾಗಿ ಸಂಗ್ರಹವಾಗಿರುವುದು ತಿಳಿಯಿತು. ಇಷ್ಟನ್ನು ಪ್ರಯೋಗಶಾಲೆ ಹೇಳಿತು. ಆ ತಾಮ್ರ ಎಲ್ಲಿಂದ ಬಂತು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಅಡುಗೆಮನೆಗೆ ಹೋಗಬೇಕಾಯಿತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಆನಂದ ಪಂಡಿತ, ಶೀಲಾ ಭಾವೆ ಮೊದಲಾದವರು, ಇಂಗ್ಲೆಂಡಿನ ಮಕ್ಕಳ ವೈದ್ಯ ಸ್ಟುವರ್ಟ್ ಟ್ಯಾನರ್ ಅವರೊಡನೆ ಸೇರಿ, ತಾಯಂದಿರನ್ನು ಒಂದು ಸಾಮಾನ್ಯ ಪ್ರಶ್ನೆ ಕೇಳಿದರು: ಮಗುವಿಗೆ ಮೇಲುಹಾಲನ್ನು ಯಾವಾಗಿನಿಂದ ಕೊಟ್ಟಿರಿ, ಆ ಹಾಲನ್ನು ಯಾವ ಪಾತ್ರೆಯಲ್ಲಿ ಕಾಯಿಸಿದಿರಿ? ಎಳೆತನದಲ್ಲೇ ದನದ ಅಥವಾ ಎಮ್ಮೆಯ ಹಾಲಿಗೆ ಹಚ್ಚಿದ, ಆ ಹಾಲನ್ನು ಹಿತ್ತಾಳೆಯ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಮನೆಗಳ ಕಡೆಗೆ ಉತ್ತರಗಳು ಬೆರಳು ತೋರಿದವು. ಈ ಅನುಮಾನವನ್ನು ಅವರು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಂಡಿಸಿದರು. ಅಲ್ಲಿಗೇ ನಿಲ್ಲದೆ, ಕಾಯಿಲೆಯ ಮಕ್ಕಳ ಜೊತೆಗೆ ಕಾಯಿಲೆಯಿಲ್ಲದ ಮಕ್ಕಳನ್ನೂ ಸಾಲಾಗಿಟ್ಟು, ಇಬ್ಬರ ಹಾಲೂಟದ ಇತಿಹಾಸವನ್ನು ಹೋಲಿಸಿ 1987ರಲ್ಲಿ ಪ್ರಕಟಿಸಿದರು. ಹಾಲಿನಲ್ಲಿರುವ ಕೇಸೀನ್ ಎಂಬ ಸಸಾರಜನಕ ತಾಮ್ರವನ್ನು ಹಿಡಿದಿಟ್ಟುಕೊಂಡು ಮಗುವಿನ ಹೊಟ್ಟೆಗೆ ಸಾಗಿಸಬಲ್ಲದೆಂಬುದೂ ಪರೀಕ್ಷೆಗಳಿಂದ ಕಂಡುಬಂದಿತು.

ಕಲಾಯಿ ಸವೆದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಪದಾರ್ಥ ಕಿಲುಬುವುದೆಂದು ನಮ್ಮ ಅಜ್ಜಿಯರೆಲ್ಲ ಬಲ್ಲರು. ಕಿಲುಬು ಕಣ್ಣಿಗೆ ಕಾಣುತ್ತದೆ, ನಾಲಗೆಗೆ ತಾಗುತ್ತದೆ. ಹಾಲಿನಲ್ಲಿ ಕರಗಿದ ತಾಮ್ರ ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು. ಕಾಣದ್ದನ್ನು ಕಾಣಿಸುವುದಕ್ಕೆ ಸಂಶೋಧನೆ ಬೇಕಾಯಿತು. ತಾಮ್ರದ ಜೊತೆಗೆ ಹುಟ್ಟಿನಿಂದ ಬಂದ ಒಂದು ದೌರ್ಬಲ್ಯವೂ ಸೇರಿರಬೇಕೆಂಬ ವಾದ ಉಳಿದೇ ಇದೆ. ಆದರೆ ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತದಲ್ಲಿಯೂ ತಾಮ್ರದ ಪಾತ್ರೆಯ ಹಾಲು ಕುಡಿದ ಶಿಶುಗಳಿಗೆ ಇಂಥದೇ ಕಾಯಿಲೆ ಬರುತ್ತಿತ್ತೆಂದು 1996ರಲ್ಲಿ ವರದಿಯಾದಾಗ, ಪುಣೆಯವರ ಮಾತಿಗೆ ದೂರದಿಂದ ಒಂದು ಸಾಕ್ಷಿ ದೊರೆತಂತಾಯಿತು. ಉಕ್ಕಿನ ಪಾತ್ರೆಗಳು ಮನೆಮನೆಗೆ ಬಂದಂತೆ, ತಾಯಂದಿರಿಗೆ ತಿಳಿವಳಿಕೆ ಮುಟ್ಟಿದಂತೆ, ಆ ಕಾಯಿಲೆ ಹೆಚ್ಚುಕಡಿಮೆ ಮರೆಯಾಗಿಹೋಯಿತು. ಇಂದಿನ ಎಳೆಯ ವೈದ್ಯರಲ್ಲಿ ಎಷ್ಟೋ ಮಂದಿ ಅದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದಾರೆ. ವೈದ್ಯನಿಗೆ ಇದಕ್ಕಿಂತ ದೊಡ್ಡ ಬಿರುದು ಬೇರೆ ಇಲ್ಲ.

ಈ ವೃತ್ತಾಂತದಲ್ಲಿ ಶಿಕ್ಷಣದ ಪಾಠ ಎಲ್ಲಿದೆ? ತಾಯಿಯ ಮಾತಿಗೆ ಕಿವಿಗೊಡುವುದು ಒಂದು ವಿದ್ಯೆ. ಆ ಮಾತನ್ನು ಅಳೆದು ತೂಗಿ, ಹೋಲಿಸಿ, ಅದು ಆಕಸ್ಮಿಕವೋ ಕಾರಣವೋ ಎಂದು ತೀರ್ಮಾನಿಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಮಾತ್ರ ಇದ್ದವರು ಒಳ್ಳೆಯ ವೈದ್ಯರಾಗುತ್ತಾರೆ. ಎರಡನೆಯದು ಮಾತ್ರ ಇದ್ದವರು ಒಳ್ಳೆಯ ಗಣಿತಜ್ಞರಾಗುತ್ತಾರೆ. ಎರಡೂ ಒಂದೇ ವ್ಯಕ್ತಿಯಲ್ಲಿ ಅಥವಾ ಒಂದೇ ತಂಡದಲ್ಲಿ ಕೂಡಿದಾಗ ಕಾಯಿಲೆಯ ಬೇರು ಕೈಗೆ ಸಿಗುತ್ತದೆ. ನಮ್ಮ ಕಾಲೇಜುಗಳು ಮೊದಲನೆಯ ವಿದ್ಯೆಯನ್ನು ಅಭ್ಯಾಸಬಲಕ್ಕೆ ಬಿಟ್ಟಿವೆ. ಎರಡನೆಯದನ್ನು ಪರೀಕ್ಷೆಯ ಒಂದು ಅಧ್ಯಾಯವಾಗಿ ಮುಗಿಸುತ್ತವೆ.

ಹಾಲಿನಿಂದ ಗೋಧಿಗೆ ಬರೋಣ. ಗೋಧಿ ತಿಂದರೆ ಕೆಲವು ಮಕ್ಕಳ ಕರುಳಿನ ಒಳಪದರ ಸವೆದು, ಉಂಡದ್ದು ಮೈಗೆ ಹತ್ತದೆ, ಮಗು ಸೊರಗುತ್ತದೆ. ಇದು ಸೀಲಿಯಾಕ್ ವ್ಯಾಧಿ. ಇದರ ಲಕ್ಷಣಗಳನ್ನು ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದ. ಗೋಧಿಯೇ ಕಾರಣವೆಂದು ತೋರಿಸಿದವನು ಹಾಲೆಂಡಿನ ವಿಲ್ಲೆಮ್ ಡಿಕ್ಕೆ. 1936ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥನಾದ ಈತನಿಗೆ, ರೊಟ್ಟಿ ಬಿಟ್ಟಾಗ ಈ ಮಕ್ಕಳು ಚೇತರಿಸಿಕೊಳ್ಳುವುದು ಯುದ್ಧಕ್ಕೆ ಮೊದಲೇ ಗಮನಕ್ಕೆ ಬಂದಿತ್ತು. 1944-45ರ ಚಳಿಗಾಲದ ಕ್ಷಾಮದಲ್ಲಿ ರೊಟ್ಟಿ ದುರ್ಲಭವಾದದ್ದು ಆ ಅನುಮಾನವನ್ನು ಬಲಪಡಿಸಿತು. ಆದರೆ ಅನುಮಾನ ಪ್ರಮಾಣವಾಗುವುದಕ್ಕೆ, ಮಲದಲ್ಲಿ ಉಳಿದ ಕೊಬ್ಬನ್ನು ಕರಾರುವಾಕ್ಕಾಗಿ ಅಳೆಯಬಲ್ಲ ವಾನ್ ಡೆ ಕಾಮರ್ ಎಂಬ ರಸಾಯನಶಾಸ್ತ್ರಜ್ಞನ ನೆರವು ಬೇಕಾಯಿತು. ವೈಯರ್ಸ್ ಎಂಬ ಸಹವೈದ್ಯನ ಸಂಗ ಬೇಕಾಯಿತು. ಡಿಕ್ಕೆ ತನ್ನ ಪ್ರಬಂಧವನ್ನು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದು 1950ರಲ್ಲಿ. ಒಂದು ಪ್ರಶ್ನೆಯನ್ನು ಹತ್ತು ಹದಿನೈದು ವರ್ಷ ಸಾಕಬೇಕಾಯಿತು. ಸಂಶೋಧನೆಗೆ ಸಹನೆ ಬೇಕು, ಸಹವಾಸವೂ ಬೇಕು.

ಇದು ನಮಗೆ ದೂರದ ಕಥೆಯೆಂದು ತಿಳಿಯಬಾರದು. ಭಾರತದ ಮೂರು ಭಾಗಗಳಲ್ಲಿ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ಈ ವ್ಯಾಧಿ ಕಂಡಿತು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು. ದಕ್ಷಿಣದ ಊಟದಲ್ಲಿ ಅಕ್ಕಿಯೇ ಹೆಚ್ಚು. ಅಕ್ಕಿಯಲ್ಲಾಗಲಿ, ನಮ್ಮ ರಾಗಿ ಜೋಳಗಳಲ್ಲಾಗಲಿ ಈ ಕೇಡಿಗೆ ಮೂಲವಾದ ಗ್ಲೂಟೆನ್ ಇಲ್ಲ. ಆದರೆ ಈಗ ನಮ್ಮ ಪಟ್ಟಣಗಳ ಮಕ್ಕಳ ಬುತ್ತಿಯಲ್ಲಿ ಮುದ್ದೆ ರೊಟ್ಟಿಗಳ ಜಾಗಕ್ಕೆ ಬ್ರೆಡ್ಡು, ನೂಡಲ್ಸು, ಬಿಸ್ಕತ್ತುಗಳು ಬರುತ್ತಿವೆ. ಇದರಿಂದ ಮುಂದೆ ಏನಾದೀತು? ಈ ಪ್ರಶ್ನೆಯನ್ನು ನಮ್ಮ ಪರವಾಗಿ ಹಾಲೆಂಡಿನವರು ಕೇಳಲಾರರು.

ಸಂಶೋಧನೆ ಬಿಡುವಿದ್ದವರ ವಿಲಾಸ, ಬಡದೇಶಕ್ಕೆ ಬೇಕಾದದ್ದು ಶುಶ್ರೂಷೆ ಮಾತ್ರ ಎಂಬ ವಾದವೊಂದಿದೆ. ಇದಕ್ಕೆ ಉತ್ತರ ಬಂಗಾಳದಲ್ಲಿ ದೊರೆಯುತ್ತದೆ. ಕಾಲರಾ ಸೂಕ್ಷ್ಮಜೀವಿಯ ವಿಷವೇ ಕರುಳಿನಿಂದ ನೀರನ್ನು ಹರಿಯಿಸುತ್ತದೆಂದು ಕಲಕತ್ತೆಯ ಶಂಭುನಾಥ ಡೇ 1959ರಲ್ಲಿ ತೋರಿಸಿದರು. ಸಕ್ಕರೆಯ ಜೊತೆಗೂಡಿದರೆ ಉಪ್ಪನ್ನು ಕರುಳು ಹೀರಿಕೊಳ್ಳುತ್ತದೆಂಬ ತತ್ತ್ವವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು. ಆ ತತ್ತ್ವದಂತೆ ಕುಡಿಯುವ ದ್ರಾವಣದಿಂದಲೇ ಕಾಲರಾ ರೋಗಿಗಳನ್ನು ಉಳಿಸಬಹುದೆಂದು 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು ತೋರಿಸಿಕೊಟ್ಟರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಗಡಿ ದಾಟಿ ಬಂದು, ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಲವಣಜಲ ತೀರುತ್ತ ಬಂದಾಗ, ಅಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲಾನವೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಸುಮಾರಿನಲ್ಲಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು.

ಆ ದಿನ ಮಹಲಾನವೀಸರಿಗೆ ಧೈರ್ಯ ಎಲ್ಲಿಂದ ಬಂತು? ಕರುಣೆಯಿಂದ ಮಾತ್ರ ಬರಲಿಲ್ಲ. ಅವರು ಅದಕ್ಕೆ ಮೊದಲೇ ಕಲಕತ್ತೆಯಲ್ಲಿ ಈ ದ್ರಾವಣವನ್ನು ಕುರಿತ ಸಂಶೋಧನೆಯಲ್ಲಿ ತೊಡಗಿದ್ದರು. ಏನು, ಎಷ್ಟು, ಏಕೆ ಎಂಬುದನ್ನು ಬಲ್ಲವರಾಗಿದ್ದರು. ಶಿಬಿರದ ಗೊಂದಲದ ನಡುವೆಯೂ ಲೆಕ್ಕವಿಟ್ಟರು. ಆದ್ದರಿಂದಲೇ ಒಂದು ಶಿಬಿರದ ಅನುಭವ ಲೋಕಕ್ಕೆ ಪ್ರಮಾಣವಾಯಿತು. ಈ ದ್ರಾವಣವನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಪ್ರಗತಿಯಾಗಬಲ್ಲದ್ದೆಂದು ‘ಲ್ಯಾನ್ಸೆಟ್’ 1978ರಲ್ಲಿ ಕೊಂಡಾಡಿತು. ನೆರೆ ಬಂದ ಮೇಲೆ ಈಜು ಕಲಿಸಲಾಗದು. ಸಂಶೋಧನಾ ಶಿಕ್ಷಣದ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ. ಇಷ್ಟಾದರೂ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲಸ ಮುಗಿದಿಲ್ಲ.

ಕೆಲಸ ಒಬ್ಬರ ಆಯುಸ್ಸಿನಲ್ಲಿ ಮುಗಿಯುವಂಥದೂ ಅಲ್ಲ. 1973ರಲ್ಲಿ ಮೆಲ್ಬರ್ನ್ ನಗರದ ರೂತ್ ಬಿಷಪ್ ಮತ್ತು ಸಹೋದ್ಯೋಗಿಗಳು ಭೇದಿಯಿಂದ ನರಳುವ ಮಕ್ಕಳ ಕರುಳಿನ ಸಣ್ಣ ತುಣುಕಿನಲ್ಲಿ ಒಂದು ವೈರಸ್ಸನ್ನು ಕಂಡರು. ಅದು ಗಾಲಿಯಂತೆ ತೋರಿದ್ದರಿಂದ ರೋಟಾವೈರಸ್ ಎಂಬ ಹೆಸರು ಬಂತು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ, ಮಕ್ಕಳ ಜೀರ್ಣಾಂಗ ತಜ್ಞರಾದ ಮಹಾರಾಜ ಕಿಷನ್ ಭಾನ್ ಮತ್ತು ಅವರ ಸಂಗಡಿಗರು, ಆಗತಾನೆ ಹುಟ್ಟಿದ ಕೂಸುಗಳ ಮೈಯಲ್ಲಿ ಈ ವೈರಸ್ ಇದ್ದೂ ಭೇದಿಯಾಗದಿರುವುದನ್ನು ಗಮನಿಸಿದರು. ಆ ಸಾಧು ವೈರಸ್ಸಿನಿಂದಲೇ ಲಸಿಕೆ ಮಾಡಬಹುದಲ್ಲವೆ ಎಂಬ ಯೋಚನೆ ಬೆಳೆಯಿತು. ನಮ್ಮ ಬೆಂಗಳೂರಿಗೂ ಇಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾರಾವ್ ಅವರ ತಂಡ ಇಲ್ಲಿನ ನವಜಾತ ಶಿಶುಗಳಿಂದ ಅಂಥದೇ ಇನ್ನೊಂದು ತಳಿಯನ್ನು ಬೇರ್ಪಡಿಸಿತ್ತು. ದೆಹಲಿಯ ತಳಿಯ ಹೆಸರು 116ಇ, ಬೆಂಗಳೂರಿನದು ಐ321. ಎರಡನ್ನೂ ಪರೀಕ್ಷೆಗೊಡ್ಡಿದಾಗ ದೆಹಲಿಯದು ಮೈಯ ರಕ್ಷಣಾಶಕ್ತಿಯನ್ನು ಚೆನ್ನಾಗಿ ಎಚ್ಚರಿಸಿತು; ಬೆಂಗಳೂರಿನದು ಅಷ್ಟಾಗಿ ಎಚ್ಚರಿಸಲಿಲ್ಲ, ಹಿಂದೆ ಉಳಿಯಿತು. ಹಿಂದೆ ಉಳಿದದ್ದೂ ಜ್ಞಾನವೇ. ಯಾವುದು ಆಗದೆಂದು ತಿಳಿಯುವುದರಿಂದಲೇ ಆಗುವುದರ ದಾರಿ ಹಸನಾಗುತ್ತದೆ. ಇದನ್ನು ಎಳೆಯರಿಗೆ ಮೊದಲ ವರ್ಷದಲ್ಲೇ ಹೇಳಿಕೊಡಬೇಕು.

ಆ ಲಸಿಕೆ ‘ರೋಟಾವ್ಯಾಕ್’ ಎಂಬ ಹೆಸರಿನಿಂದ ಹೈದರಾಬಾದಿನಲ್ಲಿ ತಯಾರಾಗಿ, ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷಿತವಾಗಿ, 2014ರಲ್ಲಿ ಪರವಾನಗಿ ಪಡೆದು, 2016ರಿಂದ ಸಾರ್ವತ್ರಿಕ ಲಸಿಕೆಗಳ ಸಾಲಿಗೆ ಸೇರಿತು. ಕೂಸಿನ ತೊಟ್ಟಿಲಿನಿಂದ ಲಸಿಕೆಯ ಹನಿಯವರೆಗೆ ಸುಮಾರು ಮೂವತ್ತು ವರ್ಷ. ಇಷ್ಟು ದೀರ್ಘವಾದ ದಾರಿಯಲ್ಲಿ ಮೊದಲು ಹೊರಟವರ ಕೈಯಿಂದ ದೀಪವನ್ನು ತೆಗೆದುಕೊಳ್ಳಲು ಶಿಷ್ಯರಿರಬೇಕು. ಭಾನ್ ಅವರು 2004ರಿಂದ 2012ರವರೆಗೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಆ ಅವಧಿಯಲ್ಲೇ, 2008ರಲ್ಲಿ, ಇಲಾಖೆಯೂ ಬ್ರಿಟನ್ನಿನ ವೆಲ್ಕಂ ಟ್ರಸ್ಟೂ ಕೂಡಿ, ಸಂಶೋಧನೆಗೆ ಇಳಿಯುವ ವೈದ್ಯರಿಗೂ ವಿಜ್ಞಾನಿಗಳಿಗೂ ಹಲವು ವರ್ಷಗಳ ವೇತನ ನೀಡುವ ಯೋಜನೆಯನ್ನು ಆರಂಭಿಸಿದವು. ಲಸಿಕೆಯಂತೆ ಶಿಷ್ಯಪರಂಪರೆಯನ್ನೂ ಯೋಜಿಸಿ ಕಟ್ಟಬೇಕೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಎಳೆಯ ವೈದ್ಯನಿಗೆ ಅಡ್ಡಿಯೇನು? ಮೊದಲನೆಯ ಅಡ್ಡಿ ಕಾಲ. ಎಂ.ಡಿ. ಪದವಿಗೆ ಪ್ರಬಂಧ ಬರೆಯಬೇಕೆಂಬ ನಿಯಮ ನಮ್ಮಲ್ಲಿದೆ. ನಿಯಮ ಒಳ್ಳೆಯದು. ಆದರೆ ಹಗಲು ಹೊರರೋಗಿಗಳ ಸಾಲು, ರಾತ್ರಿ ವಾರ್ಡಿನ ಸರದಿ, ನಡುವೆ ಪರೀಕ್ಷೆಯ ಓದು. ಉಳಿದ ಚೂರುಪಾರು ಹೊತ್ತಿನಲ್ಲಿ ಸಂಶೋಧನೆ. ಹೀಗಾದಾಗ ಪ್ರಬಂಧ ಒಂದು ಶ್ರಾದ್ಧಕರ್ಮವಾಗುತ್ತದೆ, ಪಿಂಡವಿಟ್ಟು ಕೈತೊಳೆದುಕೊಳ್ಳುತ್ತಾರೆ. ವಿಷಯ ಹಿರಿಯರು ಕೊಟ್ಟದ್ದು, ಹೊತ್ತು ಕದ್ದದ್ದು, ಫಲ ಕಪಾಟಿನ ಪಾಲು. ಕನ್ನಡ ವಿಭಾಗಗಳಲ್ಲಿಯೂ ಇಂಥ ಪ್ರಬಂಧಗಳ ಕೊರತೆಯಿಲ್ಲ, ಆದ್ದರಿಂದ ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಶ್ರೀಮಂತ ದೇಶಗಳಲ್ಲಿಯೂ ಈ ತೊಡಕು ಇಲ್ಲದಿಲ್ಲ. ಶುಶ್ರೂಷೆಯ ಜೊತೆಗೆ ಸಂಶೋಧನೆ ಮಾಡುವ ವೈದ್ಯ ಅಳಿವಿನಂಚಿನ ಜೀವಿಯಾಗುತ್ತಿದ್ದಾನೆಂದು ಅಮೆರಿಕದ ಜೇಮ್ಸ್ ವಿನ್‌ಗಾರ್ಡನ್ 1979ರಲ್ಲೇ ಎಚ್ಚರಿಸಿದರು. ಅಲ್ಲಿ ಮಕ್ಕಳ ಜೀರ್ಣಾಂಗ ತಜ್ಞನಾಗಲು, ಮಕ್ಕಳ ವೈದ್ಯದ ಶಿಕ್ಷಣ ಮುಗಿದ ಮೇಲೆ ಮೂರು ವರ್ಷದ ತರಬೇತಿಯಿದೆ. ಅದರಲ್ಲಿ ಸಂಶೋಧನೆಗೆ ನಿಗದಿಯಾದ ಪಾಲಿದೆ. ಆಮೇಲೆ ಸಂಶೋಧಕನಾಗ ಹೊರಟವನಿಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಗುರುವಿನ ಮಾರ್ಗದರ್ಶನದಲ್ಲಿ ನಡೆಯುವ ಸಹಾಯಧನ ನೀಡುವಾಗ ಸಾಮಾನ್ಯವಾಗಿ ಹಾಕುವ ಷರತ್ತೊಂದಿದೆ: ಅವನ ದುಡಿಮೆಯ ಕಾಲದಲ್ಲಿ ನೂರಕ್ಕೆ 75 ಭಾಗ ಸಂಶೋಧನೆಗೆ ಮೀಸಲಿರಬೇಕು. ಹಣಕ್ಕಿಂತ ಆ ಷರತ್ತು ದೊಡ್ಡದು. ಅದು ಕಾಲಕ್ಕೆ ಬೇಲಿ ಹಾಕುತ್ತದೆ.

ನಮ್ಮಲ್ಲಿ ಅಷ್ಟು ಕಾಲವನ್ನು ಎಲ್ಲರಿಗೂ ಕೊಡಲಾಗದು. ರೋಗಿಗಳ ಸಾಲು ಹಾಗಿದೆ. ಆದರೆ ನೂರು ಮಂದಿಯಲ್ಲಿ ಪ್ರಶ್ನೆ ಕೇಳುವ ಚಟವುಳ್ಳ ಇಬ್ಬರು ಮೂವರಿಗಾದರೂ ಕೊಡಬಹುದು. ಅವರನ್ನು ಬೇಗ ಗುರುತಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 1979ರಲ್ಲಿ ಆರಂಭಿಸಿದ, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನದ ಯೋಜನೆಯ ಹಿಂದೆ ಈ ವಿವೇಕವಿತ್ತು. ಎರಡು ತಿಂಗಳಲ್ಲಿ ದೊಡ್ಡ ಸತ್ಯ ಸಿಗದಿರಬಹುದು. ಆದರೆ ತನ್ನ ಕೈಯಿಂದ ಅಳೆದ ಒಂದು ಅಂಕಿಯನ್ನು ಕಂಡ ಹುಡುಗಿಗೆ, ಪುಸ್ತಕದ ಅಂಕಿಗಳೂ ಯಾರೋ ಅಳೆದವೇ ಎಂಬ ಅರಿವು ಮೂಡುತ್ತದೆ. ಸಂಶೋಧಕಳ ಹುಟ್ಟು ಅದೇ.

ಎರಡನೆಯ ಮಾತು ಗುರುವನ್ನು ಕುರಿತದ್ದು. ಪುಣೆ, ವೆಲ್ಲೂರು, ಕಲಕತ್ತೆ, ದೆಹಲಿ: ಈ ಹೆಸರುಗಳು ಮತ್ತೆ ಮತ್ತೆ ಬರುವುದು ಕಟ್ಟಡಗಳ ಮಹಿಮೆಯಿಂದಲ್ಲ. ವೆಲ್ಲೂರಿನಲ್ಲಿ ಸೆಲ್ವಿನ್ ಬೇಕರ್, ವಿ.ಐ. ಮಾಥನ್ ಮೊದಲಾದವರು ಕರುಳಿನ ಕಾಯಿಲೆಗಳ ಅಧ್ಯಯನಕ್ಕೆ ನೆಲೆ ಕಟ್ಟಿದರು. ಅಲ್ಲಿಯೇ ಮುಂದೆ ರಾಮಕೃಷ್ಣ ಮತ್ತು ಸಂಗಡಿಗರು, ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ಮುಟ್ಟುವ ಪಿಷ್ಟವನ್ನು ದ್ರಾವಣಕ್ಕೆ ಸೇರಿಸಿದರೆ ಕಾಲರಾ ಭೇದಿ ತಗ್ಗುತ್ತದೆಂದು 2000ದಲ್ಲಿ ತೋರಿಸಿದರು. ಅಲ್ಲಿಯೇ ಗಗನ್‌ದೀಪ್ ಕಾಂಗ್ ಶಿಶುಗಳನ್ನು ಹುಟ್ಟಿನಿಂದ ಹಿಂಬಾಲಿಸಿ ಅವರ ಕರುಳಿನ ಸೋಂಕುಗಳನ್ನು ಅಭ್ಯಸಿಸಿದರು; 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯೆಯನ್ನಾಗಿ ಆರಿಸಿತು. ಒಂದು ದೀಪದಿಂದ ಇನ್ನೊಂದು. ಅಧ್ಯಾಪಕನ ಬಡ್ತಿಗೆ ಪ್ರಕಟವಾದ ಲೇಖನಗಳನ್ನು ಎಣಿಸುವ ನಾವು, ಅವನು ಬೆಳೆಸಿದ ಸಂಶೋಧಕರನ್ನೂ ಎಣಿಸುವಂತಾಗಬೇಕು.

ಮೂರನೆಯದು ಭಾಷೆ. ಅತಿಸಾರವೆಂದರೆ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ, ಇಲ್ಲವೆ ಆ ವ್ಯಕ್ತಿಗೆ ರೂಢಿಯಾದುದಕ್ಕಿಂತ ಹೆಚ್ಚು ಸಲ, ತೆಳ್ಳಗೆ ಅಥವಾ ನೀರಾಗಿ ಮಲವಿಸರ್ಜನೆಯಾಗುವುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಪ್ರಶ್ನಾವಳಿಯನ್ನು ಕನ್ನಡಿಸುವವರು ‘ನಿಮ್ಮ ಶಿಶುವಿಗೆ ಅತಿಸಾರ ಉಂಟೇ?’ ಎಂದು ಬರೆದರೆ, ಹಳ್ಳಿಯ ತಾಯಿ ಇಲ್ಲವೆಂದೇ ಹೇಳುತ್ತಾಳೆ. ಅವಳ ಮಗುವಿಗೆ ಆಗಿರುವುದು ಭೇದಿ, ಹೊಟ್ಟೆ ಕೆಟ್ಟಿದೆ, ನೀರುನೀರಾಗಿ ಹೋಗುತ್ತಿದೆ. ಹಲ್ಲು ಬರುವಾಗ ಭೇದಿ ಸಹಜವೆಂದು ನಂಬಿದ ತಾಯಿ ಅದನ್ನು ಕಾಯಿಲೆಯೆಂದು ಹೇಳುವುದೇ ಇಲ್ಲ. ಮೊಲೆಹಾಲಿನ ಕೂಸು ಹಲವು ಬಾರಿ ಮೆತ್ತಗೆ ಮಾಡಿಕೊಂಡರೆ ಅದು ಭೇದಿಯಲ್ಲವೆಂದು ಅವಳಿಗೆ ಗೊತ್ತು. ಪ್ರಶ್ನಾವಳಿ ಹಿಡಿದವನಿಗೆ ಗೊತ್ತಿರಬೇಕಲ್ಲ? ಹಾಲು ಕಕ್ಕುವುದು ಬೇರೆ, ವಾಂತಿ ಬೇರೆ ಎಂದು ಕನ್ನಡದ ತಾಯಂದಿರು ವಿಂಗಡಿಸುತ್ತಾರೆ. ವೈದ್ಯಶಾಸ್ತ್ರವೂ ಈ ಭೇದವನ್ನು ಮುಖ್ಯವೆಂದೇ ಎಣಿಸುತ್ತದೆ. ಪ್ರಶ್ನೆಯಲ್ಲಿ ಎರಡಕ್ಕೂ ಒಂದೇ ಪದ ಬಳಸಿದರೆ ಅಂಕಿಗಳು ಸುಳ್ಳಾಗುತ್ತವೆ. ಸುಳ್ಳಾದ ಅಂಕಿಯನ್ನು ಯಾವ ಗಣಕಯಂತ್ರವೂ ನಿಜಮಾಡಲಾರದು. ಪುಣೆಯವರ ಪಾತ್ರೆಯ ಪ್ರಶ್ನೆ ಫಲಿಸಿದ್ದು ತಾಯಿಗೆ ಅದು ಅರ್ಥವಾದದ್ದರಿಂದ. ಆದ್ದರಿಂದ ಕರ್ನಾಟಕದಲ್ಲಿ ಸಂಶೋಧನೆಗೆ ಇಳಿಯುವ ವೈದ್ಯನಿಗೆ ಸಂಖ್ಯಾಶಾಸ್ತ್ರದಷ್ಟೇ ಜನಭಾಷೆಯ ಶಿಕ್ಷಣವೂ ಬೇಕು. ಮಂಡ್ಯದ ಕನ್ನಡ, ಕಲಬುರಗಿಯ ಕನ್ನಡ, ತುಳು, ಉರ್ದು, ಲಂಬಾಣಿ ಇವುಗಳಲ್ಲಿ ಹೊಟ್ಟೆಯ ನೋವಿಗೆ ಇರುವ ಮಾತುಗಳನ್ನು ಸಂಗ್ರಹಿಸಿ ಒಂದು ಕೈಪಿಡಿ ಮಾಡುವುದು ಭಾಷಾ ವಿಭಾಗಗಳೂ ವೈದ್ಯಕೀಯ ಕಾಲೇಜುಗಳೂ ಕೂಡಿ ಮಾಡಬಹುದಾದ ಕೆಲಸ.

ಪ್ರಶ್ನೆಗಳು ಮುಗಿದಿವೆಯೆಂದು ಯಾರೂ ಎಣಿಸಬೇಕಾಗಿಲ್ಲ. ರೋಟಾವೈರಸ್ ಲಸಿಕೆ ನಮ್ಮ ದೇಶದ ಪರೀಕ್ಷೆಯಲ್ಲಿ ಮೊದಲ ವರ್ಷ ತೀವ್ರಭೇದಿಯನ್ನು ನೂರಕ್ಕೆ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳು ಇದಕ್ಕಿಂತ ಬಹಳ ಹೆಚ್ಚು ತಡೆಯುತ್ತವೆ. ಬಡವರ ಮಗುವಿನ ಕರುಳು ಬಾಯಿಂದ ಕೊಟ್ಟ ಲಸಿಕೆಯನ್ನು ಏಕೆ ಅಷ್ಟಾಗಿ ಸ್ವೀಕರಿಸುವುದಿಲ್ಲ? ಕೆಲವು ಮಕ್ಕಳು ಉಂಡರೂ ಬೆಳೆಯದಿರುವುದೇಕೆ? ಕೊಳಕು ನೀರಿನ ನಡುವೆ ಬೆಳೆದ ಕೂಸಿನ ಕರುಳಿನ ಒಳಪದರ ಕಾಯಿಲೆಯ ಸದ್ದಿಲ್ಲದೆಯೇ ಸವೆಯುತ್ತಿದೆಯೆ? 2009ರಲ್ಲಿ ಎಂಟು ದೇಶಗಳಲ್ಲಿ ಆರಂಭವಾದ ಅಧ್ಯಯನವೊಂದು ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡಿತು. ವೆಲ್ಲೂರು ಅದರ ಒಂದು ನೆಲೆಯಾಗಿತ್ತು. ಪೂರ್ಣವಾದ ಉತ್ತರ ಇನ್ನೂ ಬಂದಿಲ್ಲ.

ಆ ಉತ್ತರ ಕಂಡುಕೊಳ್ಳಬೇಕಾದವರು ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ, ಮುಂದಿನ ಚೀಟಿಯನ್ನು ಕರೆಯುತ್ತ ಕುಳಿತಿರಬಹುದು. ಎದುರಿಗೆ ಕುಳಿತ ತಾಯಿ ಹೇಳಿದ ಒಂದು ಮಾತು ಅವರ ಕಿವಿಗೆ ವಿಚಿತ್ರವಾಗಿ ಕೇಳಿಸಿರಬಹುದು. ಸಾಲು ಉದ್ದವಿದೆ, ಆ ಮಾತನ್ನು ಬರೆದಿಟ್ಟುಕೊಳ್ಳಲು ಐದು ನಿಮಿಷ ಬೇಕು, ಬೆನ್ನುಹತ್ತಲು ಐದು ವರ್ಷ ಬೇಕು. ಐದು ನಿಮಿಷವನ್ನು ಅವರು ಹೇಗೋ ಹೊಂದಿಸಿಕೊಂಡಾರು. ಐದು ವರ್ಷವನ್ನು ಕೊಡಬೇಕಾದವರು ಆಸ್ಪತ್ರೆಯವರು, ವಿಶ್ವವಿದ್ಯಾಲಯದವರು, ಸರ್ಕಾರದವರು. ಕೊಡಿ ಎಂದು ಕೇಳಬೇಕಾದವರು ಮಕ್ಕಳನ್ನು ಕರುಳಕುಡಿಯೆನ್ನುವ ನಾವು.